‘ಅಯ್ಯೋ ಪಾಪ’ ಅಂದಮೇಲೆ ಏನು? ಚಿಲ್ಡ್ರನ್ ಇನ್ ನೀಡ್ ರಾತ್ರಿಯ ಬಗ್ಗೆ ಒಂದು ಪತ್ರ, ಒಂದು ಉತ್ತರ

ಪ್ರಶ್ನೆ: ನಾವು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಗೆ ಬಂದು ಎರಡು ವರ್ಷವಾಯಿತು. ಯಜಮಾನರು ವರ್ಕ್ ವೀಸಾದಲ್ಲಿ ಕೆಲಸ ಮಾಡುತ್ತಾರೆ. ನಾನು ಇಲ್ಲಿಗೆ ಬಂದಮೇಲೆ ಮನೆಯಲ್ಲೇ ಇದ್ದೇನೆ. ಕಳೆದ ನವೆಂಬರಿನಲ್ಲಿ ಎಂಟು ವರ್ಷದ ಮಗಳ ಶಾಲೆಯಿಂದ ‘ಶುಕ್ರವಾರ ಚುಕ್ಕಿ ಬಟ್ಟೆ ಹಾಕಿಸಿ, ಒಂದು ಪೌಂಡ್ ಕಳಿಸಿ’ ಅಂತ ಮೆಸೇಜ್ ಬಂತು. ಅವತ್ತು ರಾತ್ರಿ ಮನೆಮಂದಿಯೆಲ್ಲ ಕೂತು ಬಿಬಿಸಿಯಲ್ಲಿ, ಕಷ್ಟದಲ್ಲಿರುವ ಮಕ್ಕಳಿಗಾಗಿ ಹಣ ಎತ್ತುವ ಚಿಲ್ಡ್ರನ್ ಇನ್ ನೀಡ್ ಕಾರ್ಯಕ್ರಮ ನೋಡಿದೆವು. ಹಾಡು, ಕುಣಿತ, ನಗು, ನಡುನಡುವೆ ಕಷ್ಟದಲ್ಲಿರುವ ಮಕ್ಕಳ ಪುಟ್ಟ ಪುಟ್ಟ ಚಿತ್ರಗಳು. ದಾವಣಗೆರೆಯಿಂದ ಬಂದಿದ್ದ ಅತ್ತೆ ‘ಅಯ್ಯೋ ಪಾಪ, ಅಯ್ಯೋ ಪಾಪ’ ಅಂತ ಕಣ್ಣೀರು ಹಾಕಿದರು. ಮಗಳೂ ಅತ್ತಳು, ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಯಜಮಾನರು ‘ಅಳಿಸಿ ದುಡ್ಡು ಕೀಳೋ ಆಟ ಇದು’ ಅಂದರು. ನಾನು ತಡೆಯಲಾರದೆ ಫೋನಿನಿಂದ 20 ಪೌಂಡ್ ಕಳಿಸಿ, ಗಿಫ್ಟ್ ಏಡ್‌ಗೂ ಒಪ್ಪಿಗೆ ಕೊಟ್ಟೆ. ಆ ದುಡ್ಡು ನಿಜವಾಗಿ ಮಕ್ಕಳಿಗೆ ಮುಟ್ಟುತ್ತಾ? ಗಿಫ್ಟ್ ಏಡ್ ಒಪ್ಪಿದ್ದು ಸರಿಯಾ? ಇಷ್ಟು ಶ್ರೀಮಂತ ದೇಶದಲ್ಲಿ ಇದೆಲ್ಲ ಯಾಕೆ ಬೇಕು ಅಂತ ಅತ್ತೆ ಕೇಳಿದರು, ನನಗೆ ಹೇಳಲು ಬರಲಿಲ್ಲ. ಮುಂದಿನ ಸಲ ಮಗಳಿಗೆ ತೋರಿಸಬೇಕಾ, ಬೇಡವಾ? ಅತ್ತೆ ಆಗಲೂ ಇಲ್ಲೇ ಇರುತ್ತಾರೆ. ತಾವೂ ಸ್ವಲ್ಪ ಕೊಡುತ್ತೇನೆ ಅನ್ನುತ್ತಿದ್ದಾರೆ.

ಉತ್ತರ: ಮೊದಲು ಗಿಫ್ಟ್ ಏಡ್ ವಿಷಯ ಮುಗಿಸೋಣ. ಅದರಲ್ಲಿ ನೀವು ಈ ವಾರವೇ ಮಾಡಬೇಕಾದ ಒಂದು ಸಣ್ಣ ಕೆಲಸ ಇದೆ.

ಗಿಫ್ಟ್ ಏಡ್ ಅಂದರೆ ನಿಮ್ಮ ದಾನದ ಮೇಲೆ ಸರ್ಕಾರ ಸೇರಿಸುವ ಹಣ. ನೀವು ಒಂದು ಪೌಂಡ್ ಕೊಟ್ಟರೆ ಸರ್ಕಾರ 25 ಪೆನ್ಸ್ ಸೇರಿಸುತ್ತದೆ. 20 ಪೌಂಡ್ ಕೊಟ್ಟರೆ ಸಂಸ್ಥೆಗೆ 25 ಪೌಂಡ್ ಸಿಗುತ್ತದೆ. ಆದರೆ ಈ ಐದು ಪೌಂಡ್ ಸರ್ಕಾರ ಸುಮ್ನೆ ಕೊಡುವುದಲ್ಲ. ದಾನ ಕೊಟ್ಟವರು ಮೊದಲೇ ಕಟ್ಟಿದ ವರಮಾನ ತೆರಿಗೆಯನ್ನೇ ಅದು ಸಂಸ್ಥೆಗೆ ವಾಪಸ್ ಮಾಡುತ್ತದೆ. ಹಾಗಾಗಿ ಒಪ್ಪಿಗೆ ಕೊಡುವವರು ಆ ವರ್ಷ ಇಲ್ಲಿ ಕನಿಷ್ಠ ಅಷ್ಟು ತೆರಿಗೆ ಕಟ್ಟಿರಬೇಕು. ನಿಮಗೆ ಈಗ ಸಂಬಳ ಇಲ್ಲ, ತೆರಿಗೆ ಇಲ್ಲ. ಅಲ್ಲಿಗೆ ನೀವು ಕೊಟ್ಟ ಒಪ್ಪಿಗೆ ನಿಲ್ಲುವುದಿಲ್ಲ. ಆ ಐದು ಪೌಂಡನ್ನು ತೆರಿಗೆ ಇಲಾಖೆ ಕಾನೂನಿನ ಪ್ರಕಾರ ನಿಮ್ಮಿಂದಲೇ ಕೇಳಬಹುದು. ಗಾಬರಿ ಬೇಡ. ಸಂಸ್ಥೆಗೆ ಎರಡು ಸಾಲು ಬರೆದು, ‘ನಾನು ತೆರಿಗೆ ಕಟ್ಟುವವಳಲ್ಲ, ಗಿಫ್ಟ್ ಏಡ್ ಒಪ್ಪಿಗೆ ರದ್ದು ಮಾಡಿ’ ಅಂತ ಹೇಳಿ. ಇಂಥ ಪತ್ರಗಳು ಅವರಿಗೆ ಹೊಸದಲ್ಲ. ನಿಮ್ಮ 20 ಪೌಂಡ್ ಹಾಗೇ ಇರುತ್ತದೆ, ಐದು ಪೌಂಡ್ ಮಾತ್ರ ಸರ್ಕಾರಕ್ಕೆ ವಾಪಸ್ ಹೋಗುತ್ತದೆ.

ಮುಂದಿನ ಸಲ ನಿಮ್ಮ ಯಜಮಾನರ ಹೆಸರಲ್ಲಿ ಕೊಡಿ. ವೀಸಾ ಯಾವುದು, ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಸಂಬಳದಲ್ಲಿ ತೆರಿಗೆ ಹಿಡಿಯುತ್ತಾರಾ, ಅಷ್ಟೇ ಪ್ರಶ್ನೆ. ‘ನಾವು ಇಲ್ಲಿಯವರಲ್ಲ, ನಮಗೆ ಅದು ಅನ್ವಯಿಸಲ್ಲ’ ಅಂದುಕೊಂಡು ಎಷ್ಟೋ ಕನ್ನಡದ ಮನೆಗಳಲ್ಲಿ ಆ ಚೌಕದಲ್ಲಿ ಟಿಕ್ ಹಾಕುವುದೇ ಇಲ್ಲ. ನಾಲ್ಕಾಣೆ ಹೆಚ್ಚು ಹೋಗುವುದು ಸುಮ್ಮನೆ ತಪ್ಪಿಹೋಗುತ್ತದೆ. ಇನ್ನೂ ಒಂದು ಮಾತು. ಯಜಮಾನರು 40 ಶೇಕಡಾ ತೆರಿಗೆಯ ಹಂತದಲ್ಲಿದ್ದರೆ, ಅಂದರೆ ವರ್ಷದ ಸಂಬಳ 50,270 ಪೌಂಡ್ ದಾಟಿದ್ದರೆ, ಅವರಿಗೂ ಸ್ವಲ್ಪ ವಾಪಸ್ ಬರುತ್ತದೆ. 100 ಪೌಂಡ್ ಕೊಟ್ಟರೆ ಸಂಸ್ಥೆಗೆ 125. ಇವರು ತೆರಿಗೆ ಇಲಾಖೆಗೆ ತಿಳಿಸಿದರೆ 25 ಪೌಂಡ್ ಇವರಿಗೆ. ಆ 25 ಪೌಂಡನ್ನೂ ಮತ್ತೆ ಯಾವುದಾದರೂ ಸಂಸ್ಥೆಗೆ ಕೊಡುವವರನ್ನು ನಾನು ನೋಡಿದ್ದೇನೆ.

ಒಂದು ಎಚ್ಚರಿಕೆ. ನಾಲ್ಕು ಮನೆಯವರು ಸೇರಿ ಚಕ್ಕುಲಿ, ಕೋಡುಬಳೆ ಮಾರಿ ಹಣ ಒಟ್ಟುಮಾಡಿದರೆ, ಆ ಒಟ್ಟು ಮೊತ್ತಕ್ಕೆ ಒಬ್ಬರು ಗಿಫ್ಟ್ ಏಡ್ ಸಹಿ ಹಾಕುವ ಹಾಗಿಲ್ಲ. ಅವರವರ ಸ್ವಂತ ದುಡ್ಡಿಗೆ ಮಾತ್ರ ಅದು ಸಲ್ಲುತ್ತದೆ. ಈ ಕಾರ್ಯಕ್ರಮದ ಗುರುತಾದ ಪಡ್ಸಿ ಕರಡಿಯ ಕಿವಿ ಇರುವ ಹೇರ್‌ಬ್ಯಾಂಡ್ ಕೊಂಡಿದ್ದಕ್ಕೂ ಇಲ್ಲ. ಅದು ಖರೀದಿ, ದಾನ ಅಲ್ಲ.

ಈಗ ದೊಡ್ಡ ಪ್ರಶ್ನೆ. ದುಡ್ಡು ಮುಟ್ಟುತ್ತಾ?

ನಾನು ಇಲ್ಲಿ ಬಹಳ ವರ್ಷಗಳಿಂದ ಸಣ್ಣ ಚಾರಿಟಿಗಳ ಲೆಕ್ಕಪತ್ರ ನೋಡುತ್ತಾ ಬಂದವಳು. ಆ ರಾತ್ರಿ ಟಿವಿಯಲ್ಲಿ ಕಾಣುವ ಹಣದ ಇನ್ನೊಂದು ತುದಿಯಲ್ಲಿ ಕೂತಿದ್ದೆ ಅನ್ನಿ. ಹಾಗಾಗಿ ‘ಮುಟ್ಟುತ್ತದೆ’ ಅಂತ ಧೈರ್ಯವಾಗಿ ಹೇಳುತ್ತೇನೆ. ಆದರೆ ನೀವು ಅಂದುಕೊಂಡ ದಾರಿಯಲ್ಲಿ ಅಲ್ಲ.

ಚಿತ್ರದಲ್ಲಿ ಕಂಡ ಮಗುವಿನ ಕೈಗೆ ನಿಮ್ಮ ಹಣ ಹೋಗುವುದಿಲ್ಲ. ಚಿಲ್ಡ್ರನ್ ಇನ್ ನೀಡ್ ತಾನೇ ಆಸ್ಪತ್ರೆ ನಡೆಸುವುದಿಲ್ಲ, ಶಾಲೆ ನಡೆಸುವುದಿಲ್ಲ. ಅದು ಹಣ ಹಂಚುವ ಸಂಸ್ಥೆ. ಬ್ರಿಟನ್ನಿನ ಊರೂರುಗಳಲ್ಲಿ ಮಕ್ಕಳಿಗಾಗಿ ಕೆಲಸ ಮಾಡುವ ಸಂಸ್ಥೆಗಳು ಅರ್ಜಿ ಹಾಕುತ್ತವೆ. ಅಂಗವೈಕಲ್ಯ ಇರುವ ಮಕ್ಕಳ ಆಟದ ಗುಂಪು. ಅಪ್ಪನೋ ಅಮ್ಮನೋ ತೀರಿಹೋದ ಮಕ್ಕಳ ಜೊತೆ ಕೂತು ಮಾತಾಡುವವರು. ಹೊಡೆತ ಬಡಿತದ ಮನೆಯಿಂದ ಓಡಿಬಂದ ತಾಯಿ ಮಕ್ಕಳಿಗೆ ಜಾಗ ಕೊಡುವವರು. ಹಾಸಿಗೆ ಹಿಡಿದ ತಾಯಿಯನ್ನು ತಾನೇ ನೋಡಿಕೊಳ್ಳುವ ಹನ್ನೊಂದು ವರ್ಷದ ಹುಡುಗನಿಗೆ ವಾರಕ್ಕೊಂದು ಸಂಜೆ ಬಿಡುವು ಮಾಡಿಕೊಡುವವರು. ತೀರಾ ಕಷ್ಟದಲ್ಲಿರುವ ಮನೆಗೆ ಮಗುವಿನ ಮಂಚ, ಒಲೆಯಂಥ ಸಾಮಾನು ಕೊಡಿಸಿದ್ದೂ ಇದೆ. ಅರ್ಜಿಗಳನ್ನು ಅಳೆದು ತೂಗಿ, ಆಯ್ದವರಿಗೆ ಹಣ ಕೊಡುತ್ತಾರೆ. ಒಂದೇ ಸಲ ಎಲ್ಲ ಕೊಡುವುದಿಲ್ಲ. ಎರಡು ಮೂರು ವರ್ಷಗಳಲ್ಲಿ ಕಂತು ಕಂತಾಗಿ ಕೊಡುತ್ತಾರೆ. ಒಂದು ಕಂತು ಮುಗಿದಮೇಲೆ ಏನು ಮಾಡಿದಿರಿ, ಎಷ್ಟು ಮಕ್ಕಳು ಬಂದರು, ಆ ಮಕ್ಕಳಲ್ಲಿ ಏನು ಬದಲಾಯಿತು ಅಂತ ವರದಿ ಬರೆಯಬೇಕು.

ನಾನು ಲೆಕ್ಕ ನೋಡುತ್ತಿದ್ದ ಒಂದು ಪುಟ್ಟ ಸಂಸ್ಥೆಗೆ ಹೀಗೆ ಹಣ ಬಂದಿತ್ತು. ಶನಿವಾರ ಬೆಳಿಗ್ಗೆ ಚರ್ಚಿನ ಹಾಲ್‌ನಲ್ಲಿ ಎರಡೂವರೆ ಗಂಟೆ, ಅಂಗವೈಕಲ್ಯ ಇರುವ ಹದಿನಾರು ಮಕ್ಕಳು. ಬಂದ ಹಣದಲ್ಲಿ ಜಾಸ್ತಿ ಹೋಗಿದ್ದು ಇಬ್ಬರು ಕೆಲಸದವರ ಸಂಬಳಕ್ಕೆ. ಉಳಿದದ್ದು ಹಾಲ್ ಬಾಡಿಗೆಗೆ, ವಿಮೆಗೆ, ಬಣ್ಣ ಕಾಗದಕ್ಕೆ. ಇದನ್ನು ಹೇಳಿದರೆ ಕೆಲವರಿಗೆ ನಿರಾಸೆ ಆಗುತ್ತದೆ. ‘ಸಂಬಳಕ್ಕಾ ನಮ್ಮ ದುಡ್ಡು?’ ಅನ್ನುತ್ತಾರೆ. ಮಾತು ಬಾರದ ಮಗು ಕೈ ಬೀಸಿದರೆ ಹಸಿವೋ ಹೆದರಿಕೆಯೋ ಅಂತ ತಿಳಿಯುವವರೇ ಅಲ್ಲಿನ ನಿಜವಾದ ಸೇವೆ, ಅಲ್ವಾ? ಆ ತಿಳಿವಳಿಕೆಗೆ ವರ್ಷಗಟ್ಟಲೆ ಅನುಭವ ಬೇಕು. ಅವರಿಗೂ ಮನೆ ಬಾಡಿಗೆ ಇರುತ್ತದೆ. ಅಲ್ಲಿಗೆ ಬರುತ್ತಿದ್ದ ಒಬ್ಬ ತಾಯಿ ಒಮ್ಮೆ ಹೇಳಿದಳು, ‘ವಾರದಲ್ಲಿ ಈ ಹೊತ್ತು ಮಾತ್ರ ನಾನು ನಿಧಾನವಾಗಿ ತಲೆಗೆ ಸ್ನಾನ ಮಾಡುತ್ತೇನೆ’ ಅಂತ. ವರದಿಯಲ್ಲಿ ಬರೆಯಲು ಇದಕ್ಕೆ ಯಾವ ಕಾಲಂ ಇರಲಿಲ್ಲ. ನಾನು ‘ಇತರೆ’ ಅನ್ನುವ ಕಡೆ ಬರೆದೆ.

ಹಾಗಾದರೆ ಸಂಸ್ಥೆಯ ಸ್ವಂತ ಖರ್ಚು? ಜನ ಕೊಟ್ಟ ಪ್ರತಿ ಪೌಂಡಿಗೆ ಒಂದು ಪೌಂಡ್ ಮಕ್ಕಳ ಕೆಲಸಕ್ಕೆ ಹೋಗಬೇಕು, ಆಫೀಸಿನ ಖರ್ಚನ್ನು ಬಡ್ಡಿ ಮತ್ತು ಗಿಫ್ಟ್ ಏಡ್ ಹಣದಿಂದ ನಿಭಾಯಿಸುತ್ತೇವೆ ಅಂತ ಈ ಸಂಸ್ಥೆ ಬಹಳ ವರ್ಷ ಹೇಳಿಕೊಂಡು ಬಂದಿದೆ. ಬಡ್ಡಿ ಎಲ್ಲಿಂದ ಬಂತು ಅಂತೀರಾ? ಕಂತು ಕಂತಾಗಿ ಕೊಡುವುದರಿಂದ ಮುಂದಿನ ವರ್ಷಗಳ ಹಣ ಅಲ್ಲಿಯವರೆಗೆ ಸಂಸ್ಥೆಯ ಬಳಿ ಇರುತ್ತದೆ. ಹೊರಗಿನಿಂದ ನೋಡಿದವರಿಗೆ ‘ಇಷ್ಟು ಕೋಟಿ ಇಟ್ಟುಕೊಂಡು ಮತ್ತೆ ಬೇಡುತ್ತಾರಲ್ಲ’ ಅನ್ನಿಸುತ್ತದೆ. ಆ ಹಣದ ಬಹುಪಾಲು ಯಾರಿಗೋ ಕೊಡುತ್ತೇವೆ ಅಂತ ಮಾತು ಕೊಟ್ಟ ಹಣ.

ಆ ಹಣವನ್ನು ಎಲ್ಲಿ ಇಡುತ್ತಾರೆ ಅಂತ ಕೇಳುವುದು ಮಾತ್ರ ನಮ್ಮ ಹಕ್ಕು. ಮಾರ್ಚ್ ತಿಂಗಳಲ್ಲಿ ಬರುವ ಇನ್ನೊಂದು ಟಿವಿ ರಾತ್ರಿ ಗೊತ್ತಲ್ಲ, ರೆಡ್ ನೋಸ್ ಡೇ, ಅದನ್ನು ನಡೆಸುವುದು ಕಾಮಿಕ್ ರಿಲೀಫ್ ಅನ್ನುವ ಬೇರೆ ಸಂಸ್ಥೆ. ಅದು ಇಟ್ಟ ಹಣ ತಂಬಾಕು, ಮದ್ಯ, ಶಸ್ತ್ರಾಸ್ತ್ರ ಕಂಪನಿಗಳ ಷೇರುಗಳಲ್ಲೂ ಇತ್ತು ಅಂತ 2013ರಲ್ಲಿ ಬಿಬಿಸಿಯದೇ ಪನೋರಮಾ ಕಾರ್ಯಕ್ರಮ ಬಯಲು ಮಾಡಿತು. ಜನ ಸಿಟ್ಟಾದರು. ಸಂಸ್ಥೆ ತನ್ನ ಹೂಡಿಕೆಯ ನಿಯಮ ಬದಲಾಯಿಸಿತು. ಜನ ಕೇಳಿದ್ದರಿಂದಲೇ ಅದು ಆಯಿತು.

ನೀವೂ ಕೇಳಬಹುದು. ಮನೆಯಲ್ಲೇ ಕೂತು ನೋಡಬಹುದು ಕೂಡ. ಇಂಗ್ಲೆಂಡಿನ ಚಾರಿಟಿ ಕಮಿಷನ್ನಿನ ರಿಜಿಸ್ಟರ್ ಎಲ್ಲರಿಗೂ ಪುಕ್ಕಟೆ ತೆರೆದಿದೆ. ಚಿಲ್ಡ್ರನ್ ಇನ್ ನೀಡ್ ಸಂಖ್ಯೆ 802052. ಕಾಮಿಕ್ ರಿಲೀಫ್ ಸಂಖ್ಯೆ 326568. ಸಂಖ್ಯೆ ಹಾಕಿದರೆ ಆ ವರ್ಷ ಎಷ್ಟು ಬಂತು, ಎಷ್ಟು ಖರ್ಚಾಯಿತು, ಟ್ರಸ್ಟಿಗಳು ಯಾರು, 60,000 ಪೌಂಡ್‌ಗಿಂತ ಜಾಸ್ತಿ ಸಂಬಳದವರು ಎಷ್ಟು ಜನ, ಎಲ್ಲ ಕಾಣುತ್ತದೆ. ವರ್ಷದ ಲೆಕ್ಕಪತ್ರದ ಪೂರ್ತಿ ಪುಸ್ತಕವೂ ಅಲ್ಲೇ ಇದೆ. ನಿಮ್ಮ ಯಜಮಾನರಿಗೆ ಇದನ್ನು ತೋರಿಸಿ. ಅನುಮಾನ ಪಡುವವರು ನನಗೆ ಇಷ್ಟ, ಅವರು ಲೆಕ್ಕ ಓದಿದರೆ ಇನ್ನೂ ಇಷ್ಟ. ‘ಆಟ’ ಅಂದವರು ಒಂದು ಅರ್ಧ ಗಂಟೆ ಆ ಪುಟಗಳ ಮುಂದೆ ಕೂರಲಿ.

ರಾತ್ರಿ ಕೊನೆಗೆ ಪರದೆಯ ಮೇಲೆ ಬರುವ ದೊಡ್ಡ ಸಂಖ್ಯೆಯ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ಅನುಮಾನ ಹುಟ್ಟುವುದು ಅಲ್ಲಿಂದಲೇ. 2023ರ ರಾತ್ರಿ ಅದು 33.5 ಮಿಲಿಯನ್ ಪೌಂಡ್ ತೋರಿಸಿತು, 2024ರಲ್ಲಿ 39.2 ಮಿಲಿಯನ್. ಇಷ್ಟೆಲ್ಲ ಆ ಮೂರು ಗಂಟೆಯಲ್ಲಿ ಫೋನಿನಿಂದ ಬಂದದ್ದಲ್ಲ. ಅಂಗಡಿಗಳು ವಾರಗಟ್ಟಲೆ ಗಲ್ಲೆಯ ಹತ್ತಿರ ಕೂಡಿಸಿದ್ದು, ಕಂಪನಿಗಳ ಚೆಕ್ಕು, ರೇಡಿಯೋದವರು ಮುಂಚೆಯೇ ಎತ್ತಿದ್ದು ಎಲ್ಲ ಅದರಲ್ಲಿ ಸೇರಿರುತ್ತದೆ. 2024ರಲ್ಲಿ ಟಿವಿ ನಿರೂಪಕ ಪ್ಯಾಡಿ ಮೆಕ್‌ಗಿನಿಸ್ ಹಳೇ ಕಾಲದ ಚಾಪರ್ ಸೈಕಲ್ಲಿನಲ್ಲಿ ವೇಲ್ಸ್‌ನ ರೆಕ್ಸಮ್‌ನಿಂದ ಗ್ಲಾಸ್ಗೋವರೆಗೆ ಸುಮಾರು 300 ಮೈಲಿ ತುಳಿದದ್ದು ನಿಮಗೆ ನೆನಪಿರಬಹುದು. ಆ ಹಣವೂ ಆ ಸಂಖ್ಯೆಯಲ್ಲೇ ಇತ್ತು. ಇನ್ನೊಂದು ಕಡೆ, ನಿಮ್ಮ ಮಗಳ ಶಾಲೆಯ ಬಕೆಟ್ಟಿನ ನಾಣ್ಯಗಳು ಎಣಿಸಿ ಮುಗಿಯುವುದೇ ಆಮೇಲೆ. ಹಾಗಾಗಿ ಆ ವರ್ಷದ ಪೂರ್ತಿ ಮೊತ್ತ ತಿಂಗಳುಗಳ ನಂತರ ಗೊತ್ತಾಗುತ್ತದೆ, ಸಾಮಾನ್ಯವಾಗಿ ಆ ರಾತ್ರಿಯದಕ್ಕಿಂತ ಹೆಚ್ಚೇ ಇರುತ್ತದೆ.

ಶ್ರೀಮಂತ ದೇಶದಲ್ಲಿ ಇದೆಲ್ಲ ಯಾಕೆ? ನಿಮ್ಮ ಅತ್ತೆಯವರು ಕೇಳಿದ್ದು ಬಹಳ ಸರಿಯಾದ ಪ್ರಶ್ನೆ. ಬ್ರಿಟನ್ ಸರ್ಕಾರದ್ದೇ ಲೆಕ್ಕದ ಪ್ರಕಾರ 2023–24ರಲ್ಲಿ, ಮನೆ ಬಾಡಿಗೆಯಂಥ ಖರ್ಚು ಕಳೆದಮೇಲೆ, 45 ಲಕ್ಷ ಮಕ್ಕಳು ಬಡತನದ ಗೆರೆಯ ಕೆಳಗಿದ್ದರು. ಹತ್ತರಲ್ಲಿ ಮೂವರು ಅಂದುಕೊಳ್ಳಿ. ನಿಮ್ಮ ಮಗಳ ತರಗತಿಯಲ್ಲಿ ಮೂವತ್ತು ಮಕ್ಕಳಿದ್ದರೆ ಒಂಬತ್ತು ಮಕ್ಕಳ ಮನೆ ಅಂಥದ್ದಿರಬಹುದು. ನಮ್ಮ ಊರಿನ ಹಸಿವಿನ ಹಾಗೆ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಯೂನಿಫಾರ್ಮ್ ನೆಟ್ಟಗಿರುತ್ತದೆ, ಮನೆಯಲ್ಲಿ ಹೀಟಿಂಗ್ ಆರಿರುತ್ತದೆ. ಅಂಗವೈಕಲ್ಯ ಇರುವ ಮಗು ಇದ್ದ ಮನೆಯಲ್ಲಿ ಒಬ್ಬರು ಕೆಲಸ ಬಿಡಬೇಕಾಗುತ್ತದೆ, ಖರ್ಚು ಮಾತ್ರ ಹೆಚ್ಚಾಗುತ್ತದೆ. ಸರ್ಕಾರ ಮಾಡಬೇಕಾದ್ದನ್ನು ದಾನದಿಂದ ಮಾಡಬೇಕಾ ಅನ್ನುವ ಪ್ರಶ್ನೆ ಇದ್ದೇ ಇದೆ. ನನ್ನ ಮಟ್ಟಿಗೆ, ದಾನ ಕೊಡುವ ಕೈಯೇ ತನ್ನ ಸಂಸದರಿಗೆ ಪತ್ರವನ್ನೂ ಬರೆಯಬೇಕು. ಒಂದು ಮಾಡಿದರೆ ಇನ್ನೊಂದು ಬೇಡ ಅಂತಲ್ಲ.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ ಮಾತಿಗೆ ಬರುತ್ತೇನೆ. ‘ಅಯ್ಯೋ ಪಾಪ.’

ನಮ್ಮ ಭಾಷೆಯಲ್ಲಿ ಈ ‘ಪಾಪ’ ತುಂಬ ಕೆಲಸ ಮಾಡುವ ಪದ. ಕರುಣೆ ಬಂದರೂ ಪಾಪ, ಪುಣ್ಯದ ಎದುರಿಗೆ ನಿಲ್ಲುವುದೂ ಪಾಪ, ತೊಟ್ಟಿಲಲ್ಲಿ ಮಲಗಿದ ಕೂಸೂ ಪಾಪ. ನಿಮ್ಮ ಅತ್ತೆಯವರ ಕಣ್ಣೀರನ್ನು ನಾನು ಹಗುರ ಮಾಡಿ ನೋಡುವುದಿಲ್ಲ. ಭಾಷೆ ಅರ್ಥವಾಗದಿದ್ದರೂ ಬೇರೆಯವರ ಮಗುವಿಗಾಗಿ ಅಳುವವರು ಮನೆಯಲ್ಲಿ ಇರುವುದು ಮಗಳ ಭಾಗ್ಯ. ಆದರೆ ಆ ಪದದ ಹತ್ತಿರವೇ ನಿಂತುಬಿಟ್ಟರೆ ಒಂದು ತೊಂದರೆ ಇದೆ. ಅದನ್ನು ಹೇಳಿದವರು ತಜ್ಞರಲ್ಲ. ಆ ಚಿತ್ರಗಳಲ್ಲಿ ಯಾರನ್ನು ತೋರಿಸುತ್ತಿದ್ದರೋ ಅವರೇ.

ಬ್ರಿಟನ್ನಿನ ಇನ್ನೊಂದು ಚಾನೆಲ್ ಐಟಿವಿ 1988, 1990 ಮತ್ತು 1992ರಲ್ಲಿ 27 ಗಂಟೆಗಳ ಟೆಲಿಥಾನ್, ಅಂದರೆ ಹಣ ಎತ್ತುವ ಟಿವಿ ಕಾರ್ಯಕ್ರಮ, ನಡೆಸಿತು. ಅಂಗವಿಕಲರಿಗಾಗಿ ಹಣ ಎತ್ತುವುದು ಅದರ ದೊಡ್ಡ ಭಾಗ. 1990ರಲ್ಲಿ ಲಂಡನ್ನಿನ ಸೌತ್ ಬ್ಯಾಂಕ್‌ನಲ್ಲಿದ್ದ ಸ್ಟುಡಿಯೋದ ಹೊರಗೆ ಅಂಗವಿಕಲರೇ ಬಂದು ಪ್ರತಿಭಟನೆ ಮಾಡಿದರು. 1992ರಲ್ಲಿ ಇನ್ನೂ ಜಾಸ್ತಿ ಜನ ಬಂದರು. ಬಾರ್ಬರಾ ಲಿಸಿಕಿ, ಆಲನ್ ಹೋಲ್ಡ್ಸ್‌ವರ್ತ್ ಅನ್ನುವ ಇಬ್ಬರು ಇದರ ಮುಂದೆ ಇದ್ದರು. ಅವರು ಹೇಳಿದ್ದು ಇಷ್ಟು: ನಮಗೆ ಬೇಕಾದ್ದು ನಿಮ್ಮ ದಾನ ಅಲ್ಲ, ನಮ್ಮ ಹಕ್ಕು. ನಾವು ಬಸ್ ಹತ್ತಲಾಗದಿರುವುದು ನಮ್ಮ ಕಾಲಿನ ದೋಷದಿಂದಲ್ಲ, ಬಸ್ಸಿನ ಮೆಟ್ಟಿಲಿನಿಂದ. ನೀವು ನಮ್ಮನ್ನು ‘ಪಾಪ’ ಅಂತ ತೋರಿಸಿದ ಮಾರನೇ ದಿನ ಅದೇ ಜನ ನಮಗೆ ಕೆಲಸ ಕೊಡಲು ಹಿಂಜರಿಯುತ್ತಾರೆ. 1992ರ ನಂತರ ಆ ಟೆಲಿಥಾನ್ ಮತ್ತೆ ನಡೆಯಲಿಲ್ಲ. 1995ರಲ್ಲಿ ಅಂಗವಿಕಲರ ವಿರುದ್ಧ ತಾರತಮ್ಯ ಮಾಡಬಾರದು ಅನ್ನುವ ಕಾನೂನು ಬಂತು. ಅದರ ಹಿಂದೆ ಇಂಥ ಎಷ್ಟೋ ಬೀದಿ ಹೋರಾಟಗಳು ಇದ್ದವು.

ನಾನು ಇದನ್ನು ಓದಿದ್ದು ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ. ಓದಿದಮೇಲೆ ಆ ಚಿತ್ರಗಳನ್ನು ನೋಡುವ ರೀತಿ ಬದಲಾಯಿತು. ಮಗುವಿನ ಮುಖ ಮಾತ್ರ ಹತ್ತಿರದಿಂದ, ಹಿಂದೆ ಪಿಯಾನೋ, ಮಗು ಒಂದು ಮಾತೂ ಆಡುವುದಿಲ್ಲ. ಇಂಥ ಚಿತ್ರ ಬಂದರೆ ನನಗೆ ಈಗಲೂ ಬೇಸರವಾಗುತ್ತದೆ. ಮಗು ತಾನೇ ತನ್ನ ಕಥೆ ಹೇಳಿದರೆ, ನಕ್ಕರೆ, ಜಗಳ ಆಡಿದರೆ, ಅದು ಬೇರೆ ಚಿತ್ರ. ಚಿಲ್ಡ್ರನ್ ಇನ್ ನೀಡ್‌ನವರು ಈ ಎರಡನೇ ಥರದ ಕೆಲಸವನ್ನೂ ಮಾಡಿದ್ದಾರೆ. ಅದರಲ್ಲಿ ನನಗೆ ಬಹಳ ಇಷ್ಟವಾದದ್ದು ರಿಕ್ಷಾ. 2011ರಲ್ಲಿ ಮ್ಯಾಟ್ ಬೇಕರ್ ಅನ್ನುವ ನಿರೂಪಕರು ಎಡಿನ್‌ಬರೋದಿಂದ ಲಂಡನ್‌ವರೆಗೆ ಸೈಕಲ್ ರಿಕ್ಷಾ ತುಳಿದರು. ಮಾರನೇ ವರ್ಷದಿಂದ ಹರೆಯದ ಹುಡುಗ ಹುಡುಗಿಯರ ತಂಡವೇ ಸರದಿಯ ಮೇಲೆ ತುಳಿಯತೊಡಗಿತು. ಈ ಹಣದಿಂದ ನಡೆಯುವ ಸಂಸ್ಥೆಗಳಲ್ಲಿ ಬೆಳೆದವರು ಅವರು. ದಾರಿಯುದ್ದಕ್ಕೂ ಜನ ರಸ್ತೆ ಬದಿ ನಿಂತು ಕೂಗುತ್ತಿದ್ದರು. ಯಾರೂ ‘ಪಾಪ’ ಅನ್ನುತ್ತಿರಲಿಲ್ಲ. ‘ತುಳಿ, ತುಳಿ’ ಅನ್ನುತ್ತಿದ್ದರು.

ರೆಡ್ ನೋಸ್ ಡೇಗೂ ಇದೇ ಪಾಠ ತಡವಾಗಿ ಬಂತು. 1985ರ ಇಥಿಯೋಪಿಯಾ ಬರಗಾಲದಲ್ಲಿ ಹುಟ್ಟಿದ ಸಂಸ್ಥೆ ಅದು. ಮೊದಲ ರೆಡ್ ನೋಸ್ ಡೇ ನಡೆದದ್ದು 1988ರ ಫೆಬ್ರವರಿ 5ಕ್ಕೆ. ಬ್ರಿಟನ್ನಿನ ತಾರೆಯರು ಆಫ್ರಿಕಾಕ್ಕೆ ಹೋಗಿ ಮಗುವನ್ನು ಎತ್ತಿಕೊಂಡು ಅಳುವ ಚಿತ್ರಗಳು ವರ್ಷಗಟ್ಟಲೆ ಬಂದವು. 2019ರಲ್ಲಿ ಸಂಸದ ಡೇವಿಡ್ ಲ್ಯಾಮಿ ಇದನ್ನು ಬಹಿರಂಗವಾಗಿ ಟೀಕಿಸಿದರು. ಆಫ್ರಿಕಾದವರ ಕಥೆಯನ್ನು ಅಲ್ಲಿಯವರೇ ಹೇಳಬೇಕು ಅನ್ನುವುದು ಅವರ ವಾದ. 2020ರಲ್ಲಿ ಕಾಮಿಕ್ ರಿಲೀಫ್ ತಾರೆಯರನ್ನು ಹಾಗೆ ಕಳಿಸುವುದನ್ನು ನಿಲ್ಲಿಸುತ್ತೇವೆ, ಅಲ್ಲಿನ ಚಿತ್ರ ನಿರ್ದೇಶಕರಿಂದಲೇ ಚಿತ್ರ ಮಾಡಿಸುತ್ತೇವೆ ಅಂದಿತು. ಭಾರತದಿಂದ ಬಂದ ನಮಗೆ ಇದು ಬೇಗ ಅರ್ಥವಾಗಬೇಕು. ನಮ್ಮ ದೇಶದ ಮಕ್ಕಳನ್ನೂ ಇಲ್ಲಿನ ಪರದೆಗಳ ಮೇಲೆ ಬಹಳ ಕಾಲ ಹೀಗೇ ತೋರಿಸಿದ್ದಾರೆ. (ಶಾಲೆಯಿಂದ ಮಗಳು ಕೆಂಪು ಮೂಗು ತಂದರೆ ಒಂದು ಖುಷಿಯ ವಿಷಯ ಹೇಳಿ. 2021ರಲ್ಲಿ ಪ್ಲಾಸ್ಟಿಕ್ ಬಿಟ್ಟು ಆ ಮೂಗುಗಳನ್ನು ಕಬ್ಬಿನ ಸಿಪ್ಪೆಯಿಂದ ಮಾಡಿದ್ದರು. ಮಂಡ್ಯದ ಕಡೆಯ ಮಕ್ಕಳಿಗೆ ಇದು ಕೂಡಲೇ ಕಣ್ಣಿಗೆ ಕಟ್ಟುತ್ತದೆ.)

ಹಾಗಾದರೆ ಮಗಳಿಗೆ ತೋರಿಸಬೇಕಾ? ತೋರಿಸಿ. ಆದರೆ ಟಿವಿ ಹಾಕಿ ಅಡುಗೆಮನೆಗೆ ಹೋಗಬೇಡಿ. ಪಕ್ಕದಲ್ಲಿ ಕೂರಿ.

ಕಾರ್ಯಕ್ರಮ ಈಚಿನ ವರ್ಷಗಳಲ್ಲಿ ಸಂಜೆ 7ರ ಹೊತ್ತಿಗೆ ಶುರುವಾಗಿ ಸುಮಾರು ಮೂರು ಗಂಟೆ ನಡೆಯುತ್ತದೆ. ಹಿಂದೆ ಮಧ್ಯರಾತ್ರಿ ದಾಟುತ್ತಿತ್ತು. ಎಂಟು ವರ್ಷದವಳಿಗೆ ಮೊದಲ ಒಂದು ಗಂಟೆ ಸಾಕು. ಉಳಿದದ್ದು ಬಿಬಿಸಿಯ ಕಾರ್ಯಕ್ರಮಗಳನ್ನು ಆಮೇಲೆ ನೋಡುವ ಐಪ್ಲೇಯರ್‌ನಲ್ಲಿ ಇರುತ್ತದೆ, ನೀವು ಮೊದಲು ನೋಡಿ ಆಮೇಲೆ ಆಯ್ದು ತೋರಿಸಬಹುದು. ನಾನಾದರೆ ಹಾಗೇ ಮಾಡುತ್ತೇನೆ. ಒಂದು ಚಿತ್ರ ಮುಗಿದ ಕೂಡಲೇ ಹಾಡು ಶುರುವಾಗುತ್ತದೆ, ಅಲ್ಲಿ ಪಾಜ್ ಒತ್ತಿ ನಿಲ್ಲಿಸಿ. ಅಳು ಮತ್ತು ಕುಣಿತ ಅಷ್ಟು ಬೇಗ ಒಂದರ ಹಿಂದೆ ಒಂದು ಬಂದರೆ ಮಗುವಿನ ಮನಸ್ಸಿಗೆ ಅದನ್ನು ಇಡಲು ಜಾಗವೇ ಸಿಗುವುದಿಲ್ಲ. ನಿಮ್ಮ ಮಗಳ ನಿದ್ದೆ ಕೆಟ್ಟದ್ದಕ್ಕೆ ಅದೂ ಕಾರಣ ಇರಬಹುದು ಅಂತ ನನಗೆ ಅನ್ನಿಸುತ್ತದೆ.

ಪಾಜ್ ಒತ್ತಿದಮೇಲೆ ‘ಆ ಮಗುವಿಗೆ ಏನಾಗಿದೆ?’ ಅಂತ ಕೇಳಬೇಡಿ. ‘ಆ ಮಗುವಿನ ಜೊತೆ ಇದ್ದವರು ಯಾರು? ಅವರು ಏನು ಮಾಡುತ್ತಿದ್ದರು?’ ಅಂತ ಕೇಳಿ. ಮಕ್ಕಳು ಚೆನ್ನಾಗಿ ಗಮನಿಸಿರುತ್ತಾರೆ. ‘ಅವಳ ಕೈ ಹಿಡಿದಿದ್ದರು’, ‘ಬಣ್ಣ ಕಲಸುತ್ತಿದ್ದರು’, ‘ನೀರಿನಲ್ಲಿ ತೇಲಿಸುತ್ತಿದ್ದರು’ ಅನ್ನುತ್ತಾರೆ. ಆಗ ಮಗಳ ತಲೆಯಲ್ಲಿ ಉಳಿಯುವುದು ಕಾಯಿಲೆ ಅಲ್ಲ, ಆ ಕೈ. ‘ಅವಳಿಗೆ ಏನು ಇಷ್ಟ ಅಂತ ಹೇಳಿದಳು?’ ಅಂತಲೂ ಕೇಳಿ. ಮಗಳ ಶಾಲೆಯಲ್ಲೇ ಗಾಲಿಕುರ್ಚಿಯ ಮಗು ಇರಬಹುದು. ಸೋಮವಾರ ಆ ಮಗುವನ್ನು ನೋಡಿ ಇವಳು ಕಣ್ಣು ತುಂಬಿಕೊಂಡರೆ ಆ ಮಗುವಿಗೆ ಮುಜುಗರ. ಆಟಕ್ಕೆ ಕರೆದರೆ ಖುಷಿ.

ಮಗಳು ‘ನನಗೂ ಹಾಗೆ ಆಗುತ್ತಾ?’ ಅಂತ ಕೇಳಿದರೆ ‘ಛೆ, ಬಿಡ್ತು ಅನ್ನು’ ಅಂತ ಬಾಯಿ ಮುಚ್ಚಿಸಬೇಡಿ. ನಮ್ಮ ಹಿರಿಯರು ಪ್ರೀತಿಯಿಂದಲೇ ಹಾಗೆ ಹೇಳುತ್ತಾರೆ, ಆದರೆ ಮಗುವಿಗೆ ಪ್ರಶ್ನೆಯೇ ತಪ್ಪು ಅನ್ನಿಸಿ ಹೆದರಿಕೆ ಒಳಗೇ ಉಳಿಯುತ್ತದೆ. ‘ಯಾರಿಗಾದರೂ ಹುಷಾರು ತಪ್ಪಬಹುದು. ಆಗ ಡಾಕ್ಟರು ಇರುತ್ತಾರೆ, ನಾವಿರುತ್ತೇವೆ, ಇಂಥವರೂ ಇರುತ್ತಾರೆ’ ಅಂತ ಹೇಳಿದರೆ ಸಾಕು.

ಚುಕ್ಕಿ ಬಟ್ಟೆ ಯಾಕೆ ಅಂತ ಅವಳು ಕೇಳಿರಬೇಕು. ಅದು ಪಡ್ಸಿ ಕರಡಿಯ ಒಂದು ಕಣ್ಣಿನ ಮೇಲಿರುವ ಚುಕ್ಕಿ ಪಟ್ಟಿಯಿಂದ ಬಂದದ್ದು. 1985ರಲ್ಲಿ ಬಿಬಿಸಿಯ ಚಿತ್ರಕಲಾವಿದೆ ಜೊಆನಾ ಲೇನ್ ಆ ಕರಡಿಯನ್ನು ಬರೆದು, ಯಾರ್ಕ್‌ಷೈರಿನ ತಮ್ಮ ಊರು ಪಡ್ಸಿಯ ಹೆಸರನ್ನೇ ಇಟ್ಟರು. ಕಾರ್ಯಕ್ರಮ ಅದಕ್ಕಿಂತ ಬಹಳ ಹಳೆಯದು. 1927ರ ಕ್ರಿಸ್‌ಮಸ್ ದಿನ ಬಿಬಿಸಿ ರೇಡಿಯೋದಲ್ಲಿ ಮಕ್ಕಳಿಗಾಗಿ ಕೇಳಿದಾಗ ಬಂದದ್ದು 1,143 ಪೌಂಡ್, ಅದನ್ನು ನಾಲ್ಕು ಸಂಸ್ಥೆಗಳಿಗೆ ಹಂಚಿದರು. ನಿರೂಪಕ ಟೆರಿ ವೋಗನ್ ಮತ್ತು ಜೊತೆಯವರು 1980ರಲ್ಲಿ ಇದನ್ನು ಒಂದು ಇಡೀ ಸಂಜೆಯ ಟಿವಿ ಕಾರ್ಯಕ್ರಮ ಮಾಡಿದಾಗ ಮೊದಲ ಸಲ ಒಂದು ಮಿಲಿಯನ್ ಪೌಂಡ್ ದಾಟಿತು. ಚುಕ್ಕಿ ಬಟ್ಟೆ ಹೊಸದು ಕೊಳ್ಳಬೇಡಿ. ಹಳೇ ಬಿಳಿ ಬನಿಯನ್ನಿಗೆ ಬಳೆ ಇಟ್ಟು ಸುತ್ತ ಬಣ್ಣ ಬರೆದರೆ ಚೆನ್ನಾಗಿರುತ್ತದೆ. ಉಳಿದ ದುಡ್ಡು ಶಾಲೆಯ ಬಕೆಟ್ಟಿಗೆ ಹೋಗಲಿ.

ಫೋನಿನಿಂದ ಕೊಡುವಾಗ ಇಷ್ಟು ನೋಡಿಕೊಳ್ಳಿ. ನಂಬರನ್ನು ಪರದೆಯಿಂದಲೇ ಓದಿ. ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಲಿಂಕ್ ಒತ್ತಬೇಡಿ. ಅನುಮಾನದ ಮೆಸೇಜ್ ಬಂದರೆ ಅದನ್ನು 7726ಕ್ಕೆ ಫಾರ್ವರ್ಡ್ ಮಾಡಿ, ಪುಕ್ಕಟೆ. ಮೆಸೇಜಿನಿಂದ ಕೊಟ್ಟ ಹಣ ಫೋನ್ ಬಿಲ್ಲಿಗೆ ಸೇರುತ್ತದೆ, ಹಾಗಾಗಿ ಬಿಲ್ ಕಟ್ಟುವವರಿಗೆ ಮೊದಲೇ ಹೇಳಿ. ಎಷ್ಟು ಕೊಡಬೇಕು ಅನ್ನುವುದನ್ನು ಟಿವಿ ಹಾಕುವ ಮುಂಚೆ ಊಟದ ಹೊತ್ತಿನಲ್ಲಿ ಮನೆಯವರೆಲ್ಲ ಕೂತು ತೀರ್ಮಾನ ಮಾಡಿ. ಅತ್ತುಕೊಂಡು 20 ಪೌಂಡ್ ಕೊಟ್ಟು ಆಮೇಲೆ ಅನುಮಾನ ಪಡುವುದಕ್ಕಿಂತ, ನಗುತ್ತಾ 15 ಪೌಂಡ್ ಅಂತ ಮೊದಲೇ ಇಟ್ಟುಕೊಳ್ಳುವುದು ಒಳ್ಳೆಯದು. ಆಗ ನಿಮ್ಮ ಯಜಮಾನರಿಗೂ ‘ಕಿತ್ತುಕೊಂಡರು’ ಅನ್ನಿಸುವುದಿಲ್ಲ.

ಇನ್ನು ಅತ್ತೆಯವರು. ಅವರು ಇಲ್ಲಿ ತೆರಿಗೆ ಕಟ್ಟುವುದಿಲ್ಲ, ಅವರ ಹಣಕ್ಕೆ ಗಿಫ್ಟ್ ಏಡ್ ಇಲ್ಲ. ಯಜಮಾನರ ಹೆಸರಲ್ಲಿ ಹಾಕಿ ಟಿಕ್ ಮಾಡಿದರೆ ಆಯ್ತಲ್ಲ ಅನ್ನಿಸಬಹುದು, ಅದೂ ತಪ್ಪು, ದುಡ್ಡು ಯಜಮಾನರದ್ದಲ್ಲವಲ್ಲ. ಚಿಲ್ಡ್ರನ್ ಇನ್ ನೀಡ್ ಹಣ ಬ್ರಿಟನ್ನಿನ ಮಕ್ಕಳಿಗೆ ಮಾತ್ರ ಹೋಗುತ್ತದೆ ಅನ್ನುವುದನ್ನೂ ಅವರಿಗೆ ಹೇಳಿ. ನಮ್ಮ ಊರಿನ ಮಕ್ಕಳಿಗೂ ಕೊಡಬೇಕು ಅನ್ನಿಸಿದರೆ ಬೆಂಗಳೂರಿನಲ್ಲಿ 2000ದಲ್ಲಿ ಶುರುವಾದ ಅಕ್ಷಯ ಪಾತ್ರದ ಹಾಗೆ ಬ್ರಿಟನ್ನಿನಲ್ಲೂ ನೋಂದಾಯಿಸಿಕೊಂಡ ಸಂಸ್ಥೆಗಳಿವೆ. ಅವಕ್ಕೆ ಯಜಮಾನರು ತಮ್ಮ ಹಣದಿಂದ ಗಿಫ್ಟ್ ಏಡ್ ಜೊತೆ ಕೊಡಬಹುದು.

ಅತ್ತೆಯವರ ದುಡ್ಡನ್ನು ನೋಟಾಗಿಯೇ ಇಡಿ. ಶುಕ್ರವಾರ ಬೆಳಿಗ್ಗೆ ಅವರೇ ಮೊಮ್ಮಗಳ ಕೈಗೆ ಕೊಡಲಿ. ಹಿಂದಿನ ದಿನ ಸಂಜೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಾವು ಚಿಕ್ಕವರಿದ್ದಾಗ ಅಡುಗೆಗೆ ಮುಂಚೆ ಮಠಕ್ಕೆ ಅಂತ ಹಿಡಿ ಅಕ್ಕಿ ತೆಗೆದಿಡುತ್ತಿದ್ದರಾ ಅಂತ ನೀವೇ ಕೇಳಿ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಇವತ್ತಿಗೂ ಉಚಿತವಾಗಿ ಉಂಡು ಓದುತ್ತಾರಲ್ಲ, ಅದನ್ನೂ ಹೇಳಲಿ. ಆ ಮಕ್ಕಳನ್ನು ಅತ್ತೆಯವರು ಯಾವತ್ತಾದರೂ ‘ಪಾಪ’ ಅಂದಿದ್ದಾರಾ ಅಂತಲೂ ಕೇಳಿ ನೋಡಿ.